ಅಪ್ಪನ ಬನ್ನಿ ಗಿಡ

ಅಪ್ಪ ತೀರಿಹೋದ ವರ್ಷವೇ ನಾನು ಕೆರೆಯ ದಂಡೆ ಸ್ವಚ್ಛ ಮಾಡುವ ಗುಂಪಿಗೆ ಸೇರಿದ್ದು. ದುಃಖ ಮರೆಯಲಿಕ್ಕೆ ಇರಬೇಕು ಎಂದು ನೆರೆಯವರು ಅಂದುಕೊಂಡರು. ಮರೆಯಬೇಕಾದಂಥ ದುಃಖ ನನಗಿನ್ನೂ ಬಂದಿರಲೇ ಇಲ್ಲ. ಭಾನುವಾರ ಬೆಳಿಗ್ಗೆ ಅಪ್ಪನ ಖಾಲಿ ಕುರ್ಚಿಯ ಎದುರು ಕೂತರೆ ಏನೂ ಅನ್ನಿಸುತ್ತಿರಲಿಲ್ಲ. ಏನೂ ಅನ್ನಿಸದ ನನ್ನ ಮುಖವನ್ನು ಅವ್ವ ನೋಡುತ್ತಾಳಲ್ಲ ಎಂಬ ಮುಜುಗರಕ್ಕೇ ಕೈಗವಸು ಹಾಕಿಕೊಂಡು ಹೊರಡುತ್ತಿದ್ದೆ.

ನಾಚಾರಂನ ನಮ್ಮ ಕಾಲೊನಿಯ ಹಿಂದೆ ಕೆರೆಯ ದಂಡೆ ತುಂಬ ಬಳ್ಳಾರಿ ಜಾಲಿ. ತೆಲುಗಿನವರು ಸರ್ಕಾರ್ ತುಮ್ಮ ಅನ್ನುತ್ತಾರೆ. ಪರದೇಶದಿಂದ ಬಂದು ಊರೆಲ್ಲ ಹಬ್ಬಿದ ಗಿಡ. ಮೇಲಿಂದ ಕಡಿದರೆ ಒಂದು ಕಾಂಡದ ಜಾಗದಲ್ಲಿ ನಾಲ್ಕು ಏಳುತ್ತವೆ. ಬುಡ ಅಗೆದು ಬೇರಿನ ಗಂಟಿನ ಸಮೇತ ತೆಗೆಯಬೇಕು. ಇದನ್ನೆಲ್ಲ ಹೇಳಿಕೊಟ್ಟವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ನಮ್ಮ ಗುಂಪಿನ ಮೇಡಂ. ಜಾಲಿ ಹೋದಲ್ಲೆಲ್ಲ ಬಂಡೆಗಳು ಹೊರಬಂದವು, ಬಂಡೆಗಳ ಸಂದಿಯಲ್ಲಿ ತಂಗಡಿ, ಮುತ್ತುಗ. ಹುಟ್ಟಿ ಬೆಳೆದ ಜಾಗದಲ್ಲಿ ಇಷ್ಟು ಬಂಡೆ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಅಥವಾ ಗೊತ್ತಿದ್ದು ಮರೆತಿದ್ದೆನೋ.

ಮೇಡಂ ಸೀತಾಫಲದ ಗಿಡ ಮುಟ್ಟಗೊಡಲಿಲ್ಲ. ಅದೂ ಹೊರಗಿನದೇ ಅಲ್ಲವೇ ಎಂದು ಕೇಳಿದೆ.

“ಹೊರಗಿನದೇ. ಆದರೆ ಬಂದವರು ಪಕ್ಕದವರಿಗೂ ಸ್ವಲ್ಪ ಜಾಗ ಬಿಟ್ಟರೆ ಯಾರೂ ಪಹಣಿ ಕೇಳೋದಿಲ್ಲ” ಎಂದು ತೆಲುಗಿನಲ್ಲಿ ಹೇಳಿ ನಕ್ಕರು.

ದಸರೆಗೆ ಮುಂಚಿನ ಭಾನುವಾರ ಮೂಲೆಯ ದೊಡ್ಡ ಬಂಡೆಯ ಬಳಿ ಜಾಲಿ ತೆಗೆಯುವುದೆಂದು ನಿಗದಿಯಾಯಿತು. ಆ ಬಂಡೆಯ ಈಚೆ ಅಪ್ಪನ ಬನ್ನಿ ಗಿಡವಿತ್ತು.

ದಸರೆಯ ಸಂಜೆ ಇಲ್ಲಿನವರು ಗುಡಿಯ ಮೈದಾನಕ್ಕೆ ಜಮ್ಮಿ ಪೂಜೆಗೆ ಹೋಗುತ್ತಾರೆ. ಜಮ್ಮಿ ಎಂದರೆ ನಮ್ಮ ಬನ್ನಿಯೇ. ರಾಯಚೂರು ಕಡೆಯಿಂದ ಸರ್ಕಾರಿ ನೌಕರಿಗೆ ಬಂದ ಅಪ್ಪನಿಗೆ ಆ ನೂಕುನುಗ್ಗಲು ಆಗುತ್ತಿರಲಿಲ್ಲ. ಮಧ್ಯಾಹ್ನವೇ ಕೆರೆಯ ಕಡೆ ಹೋಗಿ ಒಂದು ಟೊಂಗೆ ಮುರಿದು ತರುತ್ತಿದ್ದರು. ಆಮೇಲೆ ಮನೆಮನೆಗೂ ಹೋಗಿ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಅನ್ನುವುದು. ನೆರೆಯವರಿಗೆ ಕನ್ನಡದಲ್ಲಿ ಬರುತ್ತಿದ್ದ ಮಾತು ಅದೊಂದೇ.

ಆ ವಾರ ಅವ್ವ ಕೇಳಿದಳು: “ಅವರ ಬನ್ನಿ ಗಿಡಾ ಮುಟ್ಟಬ್ಯಾಡ್ರಿ ಅಂತ ಹೇಳೀದಿ ಇಲ್ಲೊ? ನಮಗ ಈ ವರ್ಷ ಹಬ್ಬ ಇಲ್ಲ ಖರೆ. ಗಿಡಾ ಇರಲಿ. ನನಗ ಅದೊಂದು ಉಳಿದೈತಿ.”

ಹೇಳಿದ್ದೇನೆ ಅಂದೆ. ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬಳೇ ಹೋಗಿ ಗಿಡ ನೋಡಿದೆ. ಬನ್ನಿಯ ಮುಳ್ಳು ಟೊಂಗೆಯುದ್ದಕ್ಕೂ ಎಲ್ಲೆಂದರಲ್ಲಿ ಇರುತ್ತದೆ, ಜಾಲಿಯ ಮುಳ್ಳು ಎಲೆ ಹುಟ್ಟುವ ಗಿಣ್ಣಿನಲ್ಲಿ ಜೋಡಿಯಾಗಿ ಇರುತ್ತದೆ ಎಂದು ಮೇಡಂ ತೋರಿಸಿದ್ದರು. ಇದರಲ್ಲಿ ಎಲ್ಲಾ ಗಿಣ್ಣಿಗೂ ಜೋಡಿ ಮುಳ್ಳು. ಎಲೆ ಮಾತ್ರ ದೂರದಿಂದ ಬನ್ನಿಯಂತೆಯೇ.

ಮನೆಗೆ ಬಂದು ಉಪ್ಪಲ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿ, ಅಪ್ಪನ ಗಿಡ ಜಾಲಿ ಎಂದು ಹೇಳಿದೆ.

“ಅಪ್ಪ ತರತಿದ್ದದ್ದು ಆ ಗಿಡದ್ದಲ್ಲಕ್ಕಾ, ಬಂಡೆ ಹಿಂದಿಂದು” ಅಂದ.

“ನೀ ನೋಡೀ ಏನು?”

“ನೋಡಿದಂಗ ಐತಿ. ನೀನರ ನೋಡೀ?”

ನಾನು ನೋಡಿದ್ದೆ. ಬಿಳಿ ಅಂಗಿ, ಎತ್ತಿದ ಕೈ, ಬಾಗಿದ ಟೊಂಗೆ. ಆದರೆ ನೆನಪಿನ ಆ ಚಿತ್ರದಲ್ಲಿ ಅಪ್ಪನ ತಲೆ ನರೆತಿದೆ, ಪಕ್ಕದಲ್ಲಿರುವ ನಾನು ಮಾತ್ರ ಶಾಲೆಯ ಲಂಗದಲ್ಲಿದ್ದೇನೆ. ಎರಡೂ ಒಟ್ಟಿಗೆ ನಿಜವಾಗಿರಲಾರದು. ತಮ್ಮನ ಬಂಡೆಯನ್ನು ನಂಬಬೇಕೋ ನನ್ನ ಲಂಗವನ್ನೋ ತಿಳಿಯಲಿಲ್ಲ. ಭಾನುವಾರ ಅವ್ವನನ್ನೇ ಕರೆದುಕೊಂಡು ಹೋದೆ.

ಅವ್ವ ದಾರಿ ಕೇಳಲಿಲ್ಲ. ಬಂಡೆಯ ಈಚಿನ ಗಿಡದ ಹತ್ತಿರ ನೇರ ಹೋಗಿ, ಕೆಳಗೇ ಮುರಿದಿದ್ದ ಒಂದು ಹಳೆಯ ಟೊಂಗೆಯ ಮೋಟಿನ ಮೇಲೆ ಕೈ ಇಟ್ಟಳು. “ಇಲ್ಲಿಂದನ ಮುರೀತಿದ್ರು. ನಾನೂ ಬರತಿದ್ದೆ, ಚೀಲಾ ಹಿಡಕೊಂಡು.”

“ಅವ್ವ, ಇದು ಬನ್ನಿ ಅಲ್ಲ. ಜಾಲಿ.”

ಅವಳು ಕೈ ತೆಗೆಯಲಿಲ್ಲ. “ಯಾರಂದ್ರು?”

ಜೋಡಿ ಮುಳ್ಳು ತೋರಿಸಿದೆ. ಬಗ್ಗಿ ನೋಡಿದಳು.

“ಮತ್ತ ಮಂದಿ ಎಲ್ಲಾ ತಗೊಂಡ್ರಲ್ಲ? ಕಣ್ಣಿಗೆ ಒತ್ತಿಕೊಂಡ್ರಲ್ಲ?”

ಬಂಗಾರ ಎಂದು ಕೈಗಿಟ್ಟದ್ದನ್ನು ಹಬ್ಬದ ದಿನ ಯಾರು ಒರೆಗೆ ಹಚ್ಚುತ್ತಾರೆ? ಹಾಗೆ ಅನ್ನಲಿಲ್ಲ. ಅವ್ವ ಅಳುತ್ತಾಳೆ ಅಂದುಕೊಂಡೆ, ಅತ್ತರೆ ನನಗೂ ಅಳು ಬರಬಹುದು ಎಂದು ಕಾದೆ. ಅಂಥದ್ದೇನೂ ಆಗಲಿಲ್ಲ.

ಮೇಡಂ ಅವ್ವನನ್ನು ಬಂಡೆಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ನಿಜಕ್ಕೂ ಒಂದು ಬನ್ನಿ ಇತ್ತು. ನಾರಿನಂಥ ಮೈ, ಮುಕ್ಕಾಲು ಒಣಗಿತ್ತು. ಈಚಿನ ಜಾಲಿ ಅದರ ತಲೆಯ ಮೇಲೆ ಪೂರ್ತಿ ಕವಿದುಕೊಂಡಿತ್ತು. ಜಾಲಿ ತೆಗೆದರೆ ಇದು ಬದುಕಬಹುದು, ಆದರೆ ನೀವು ಬೇಡ ಅಂದರೆ ಇವತ್ತು ಮುಟ್ಟುವುದಿಲ್ಲ ಎಂದರು ಮೇಡಂ.

ಅಪ್ಪ ಈ ಬಂಡೆಯನ್ನು ಒಂದು ಸುತ್ತು ಹಾಕಿದ್ದರೆ ಸಾಕಿತ್ತು. ತಮ್ಮ ನೋಡಿದ್ದು ಇದನ್ನೇ ಇರಬಹುದು. ಇಲ್ಲದಿರಲೂಬಹುದು.

ಅವ್ವ ಬಹಳ ಹೊತ್ತು ಎರಡೂ ಗಿಡಗಳನ್ನು ನೋಡಿದಳು. “ತಗೀರಿ ಹಂಗಾರ” ಎಂದು ಮೇಡಂಗೆ ಕನ್ನಡದಲ್ಲೇ ಅಂದಳು. ಆಮೇಲೆ ನನಗೆ, “ಮೊದಲ ನನಗೊಂದು ಟೊಂಗಿ ಮುರಕೊಡು.”

ನಾನು ಬನ್ನಿಯ ಕಡೆ ಕೈ ಚಾಚಿದೆ.

“ಅದಲ್ಲ. ಅವರದು.”

ಜಾಲಿಯ ಟೊಂಗೆ ಮುರಿದುಕೊಟ್ಟೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆರೆಯ ಕಡೆ ಮುಖ ಮಾಡಿ ಕೂತಳು. ನಾವು ಬುಡ ಅಗೆದೆವು. ಗಂಟು ಗಟ್ಟಿಯಿತ್ತು, ಬಿಸಿಲೇರುವವರೆಗೂ ಬರಲಿಲ್ಲ. ಕೊನೆಗೆ ಅದು ಹೊರಳಿದಾಗ ಕೈಗವಸು ತೂರಿ ಒಂದು ಮುಳ್ಳು ನನ್ನ ಅಂಗೈಗೆ ಹೋಗಿತ್ತು. ಮನೆಗೆ ಬಂದು ಕೈ ತೊಳೆಯುವಾಗ ಗೊತ್ತಾಯಿತು.

ದಸರೆಯ ದಿನ ಪಕ್ಕದ ಮನೆಯವರು ಜಮ್ಮಿ ಎಲೆ ತಂದುಕೊಟ್ಟರು. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು ದೇವರ ಮುಂದಿಟ್ಟಳು. ಅಪ್ಪನ ಫೋಟೊದ ಮುಂದೆ ಮೊದಲೇ ಜಾಲಿಯ ಟೊಂಗೆ ಇತ್ತು, ಎಲೆಯೆಲ್ಲ ಉದುರಿ ಮುಳ್ಳು ಉಳಿದಿತ್ತು. ಅದನ್ನು ತೆಗೆದು ಜಮ್ಮಿ ಇಡಲೇ ಎಂದು ಕೇಳಿದೆ.

“ಬ್ಯಾಡ. ಅವರಿಗೆ ಇದ ಬನ್ನಿ” ಅಂದಳು.

ಉದುರಿದ ಎಲೆ ಗುಡಿಸಿ, ಟೊಂಗೆಯನ್ನು ಅಲ್ಲೇ ಬಿಟ್ಟೆ.