ದೇವಿ ಕಟ್ಟಿಸಿದ ಓರೆ ಬಿದಿರು

ಕೊಲ್ಲೂರಮ್ಮನನ್ನು ನಂಬಿದ ಬಂಧುಗಳಿಗೆ ನಮಸ್ಕಾರ. ನಾನು ತಾಳ್ಮೆಯ ಭಕ್ತೆಯಲ್ಲ, ದೇವಿಯ ಜೊತೆ ಜಗಳವಾಡುವವಳು. 2005ರ ಚಳಿಗಾಲದಲ್ಲಿ ಆ ಜಗಳ ಮಿತಿ ಮೀರಿತ್ತು.

ಅಪ್ಪ ಕೋಲ್ಕತ್ತದಲ್ಲಿ ಬ್ಯಾಂಕ್ ನೌಕರರು. ಬೇಸಿಗೆಯಲ್ಲಿ ಅವರಿಗೆ ಉಡುಪಿಗೆ ವರ್ಗ ಆಗುವುದಿತ್ತು. ಅಷ್ಟರೊಳಗೆ ಕೆಲಸ ಸಿಗದಿದ್ದರೆ ನಾನೂ ಗಂಟುಮೂಟೆ ಕಟ್ಟಬೇಕು. ಅಲ್ಲಿ ಗಂಡು ನೋಡಿ ಇಟ್ಟಿದ್ದರು. ನನ್ನದು ಸರ್ಕಾರಿ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್, ಕೊನೆಯ ವರ್ಷ. ಶುಲ್ಕಕ್ಕಿಂತ ಬಸ್ಸಿನ ಖರ್ಚೇ ಹೆಚ್ಚು. ಪ್ರಯೋಗಶಾಲೆಯಲ್ಲಿ ಯಂತ್ರಗಳಿಗಿಂತ ಜೇಡರ ಬಲೆ ಜಾಸ್ತಿ. ಸೇತುವೆಯ ಮಾದರಿಗಳನ್ನು ಬಿದಿರ ಕಡ್ಡಿ, ಸೆಣಬಿನ ಹುರಿಯಲ್ಲಿ ಕಟ್ಟಿಸುತ್ತಿದ್ದರು. ಸಾಫ್ಟ್‌ವೇರ್ ಕಂಪನಿಗಳು ಯಾವ ವಿಭಾಗದವರನ್ನಾದರೂ ಎತ್ತಿಕೊಳ್ಳುತ್ತಿದ್ದ ಕಾಲ ಅದು. ನನ್ನನ್ನು ಮಾತ್ರ ಒಂದರ ಹಿಂದೆ ಒಂದು ಬೇಡವೆಂದವು. ಗುಂಪು ಚರ್ಚೆಯಲ್ಲಿ ನನ್ನ ಬಾಯೇ ತೆರೆಯುತ್ತಿರಲಿಲ್ಲ.

ಮೂಗರಿಗೂ ಮಾತು ಕೊಡುವವಳು ನೀನಲ್ಲವಾ ಎಂದು ದೇವಿಗೆ ಬೈದೆ. ದೀಪ ಹಚ್ಚುವುದನ್ನೂ ಬಿಟ್ಟೆ. ನಿದ್ದೆಯಿಲ್ಲ, ಊಟ ಸೇರದು, ಬಾಲ್ಕನಿಯಿಂದ ಅಡುಗೆಮನೆಗೆ ಶತಪಥ.

ಬಂಗಾಳದಲ್ಲಿ ಸರಸ್ವತಿ ಪೂಜೆ ವಸಂತ ಪಂಚಮಿಗೆ. ಆ ಬೆಳಿಗ್ಗೆ ಅಮ್ಮ ಗದರಿದರು: "ಎಂತ ನಿಂದು, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಟ? ಬೀದಿಯ ಪೆಂಡಾಲಿಗೆ ಹೋಗಿ ಕೈ ಮುಗ್ದು ಬಾ. ಇಲ್ಲಿಯ ಸರಸ್ವತಿ ಬೇರೆ, ನಮ್ಮ ಅಮ್ಮ ಬೇರೆ ಅಲ್ಲ ಮಾರಾಯ್ತಿ."

ಸಿಟ್ಟಿನಲ್ಲೇ ಹೋದೆ. ಪುಷ್ಪಾಂಜಲಿಗೆ ಮಕ್ಕಳು ಸಾಲಾಗಿ ನಿಂತಿದ್ದರು. ನಾನೂ ಹೂ ಹಿಡಿದು, "ಕೆಲಸ ಗಿಲಸ ಎಂತದೂ ಕೇಳುದಿಲ್ಲ. ಈ ಓದಿನಿಂದ ಎಂತ ಉಪಯೋಗ, ಅಷ್ಟು ಹೇಳು" ಎಂದು ಗೊಣಗಿದೆ.

ಆಗಲೇ ಗಾಳಿ ಬೀಸಿತು. ಪೆಂಡಾಲು ಕಿರ್ರೆಂದು ಒಂದು ಕಡೆಗೆ ವಾಲಿತು. ತಲೆ ಎತ್ತಿ ನೋಡಿದೆ. ನೇರ ಬಿದಿರು, ಅಡ್ಡ ಬಿದಿರು ಇದ್ದವು. ಓರೆಯಾಗಿ ಕಟ್ಟಿದ್ದು ಒಂದೂ ಇರಲಿಲ್ಲ. ಓರೆ ಕಡ್ಡಿ ಇಲ್ಲದ ಚೌಕಟ್ಟು ವಾಲುತ್ತದೆ ಎಂಬುದು ಕಾಲೇಜಿನ ಮಾದರಿಗಳಲ್ಲಿ ಕಲಿತ ಮೊದಲ ಪಾಠ. "ಮಕ್ಕಳನ್ನು ಹೊರಗೆ ಕಳಿಸಿ!" ಎಂದು ಹಿಂದಿಯಲ್ಲಿ ಕೂಗಿದೆ. ಬಾಯಿ ತೆರೆಯದ ನಾನು! ಮಿಕ್ಕಿದ್ದ ಬಿದಿರುಗಳನ್ನು ತರಿಸಿ ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿಸಿದೆ, ಕೆಲವು ಗಂಟು ನಾನೇ ಬಿಗಿದೆ. ಪೆಂಡಾಲು ನಿಂತಿತು. ದೇವಿಯ ವೀಣೆ ಕೂಡ ಅಲುಗಲಿಲ್ಲ.

ನೆರೆಮನೆಯ ಹಿರಿಯರೊಬ್ಬರು, ಕೇರಿಯವರೆಲ್ಲ ಕಾಕು, ಅಂದರೆ ಚಿಕ್ಕಪ್ಪ, ಎಂದು ಕರೆಯುವವರು, ಖಿಚಡಿ ಪ್ರಸಾದದ ತಟ್ಟೆ ಹಿಡಿದು ನೋಡುತ್ತಿದ್ದರು. ಹತ್ತಿರದ ಕಸ್ಬಾ ಬಡಾವಣೆಯಲ್ಲಿ ಅವರದು ಸೇತುವೆ ವಿನ್ಯಾಸದ ಕಚೇರಿ.

"ಎಲ್ಲಿ ಕಲಿತೆ ಇದನ್ನ?"

"ನಮ್ಮ ಕಾಲೇಜಲ್ಲಿ ಕಾಕು, ಕಡ್ಡಿ ಕಟ್ಟಿ."

"ನನ್ನ ಹುಡುಗರೆಲ್ಲ ಕಂಪ್ಯೂಟರ್ ಕೋರ್ಸಿಗೆ ಓಡಿಹೋದರು. ನೀನು ಸೋಮವಾರ ಬಾ."

ಹೋದೆ. ಪರೀಕ್ಷೆ ಮುಗಿದ ಮೇಲೆ ಅಲ್ಲೇ ಕೆಲಸ ಖಾಯಂ ಆಯಿತು. ಅಪ್ಪ ಅಮ್ಮ ಉಡುಪಿಗೆ ಹೊರಟರು, ನಾನು ಉಳಿದೆ. ಇಪ್ಪತ್ತು ವರ್ಷ ಕಳೆದರೂ ಸೇತುವೆಗಳ ಕೆಲಸದಲ್ಲೇ ಇದ್ದೇನೆ. ಚಡಪಡಿಕೆ ಹೋಗಿಲ್ಲ, ದೀಪವನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಆ ಬಡ ಕಾಲೇಜಿಗೂ ನನ್ನ ಸಿಟ್ಟು ತಡೆದುಕೊಂಡ ಕೊಲ್ಲೂರ ತಾಯಿಗೂ ನಾನು ಋಣಿ.

ದೇವಿಯನ್ನು ಬೀಳದ ಹಾಗೆ ನಿಲ್ಲಿಸಿದ್ದು ನಮ್ಮ ಮಗಳು ಎಂದು ಅಮ್ಮ ಈಗಲೂ ಉಡುಪಿಯಲ್ಲಿ ಹೇಳಿಕೊಂಡು ತಿರುಗುತ್ತಾರೆ. ಅಲ್ಲ ಅಮ್ಮಾ. ಆವತ್ತು ಬೀಳುವುದರಲ್ಲಿದ್ದವಳು ನಾನು.