ತಂಗಿಗೆ ಎಡೆಗಿಟ್ಟ ಬಟ್ಟೆ

ಮನೆಯಲ್ಲಿ ಕೂತು ಕೆಲಸ ಮಾಡುವುದಕ್ಕೂ ಒಂದು ಉಡುಪು ಬೇಕು ಎಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವಳು ನನ್ನ ತಂಗಿ. ನಮಗೆಲ್ಲ ಅದು ನಗೆಪಾಟಲಿನ ಮಾತಾಗಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ನಮ್ಮದು. ಇಲ್ಲಿ ಹೆಂಗಸರ ಮನೆಬಟ್ಟೆ ಎಂದರೆ ವಯಸ್ಸಾದವರಿಗೆ ಹಳೇ ಸೀರೆ, ಮಿಕ್ಕವರಿಗೆ ನೈಟಿ, ಯಾರಾದರೂ ಬಂದರೆ ನೈಟಿಯ ಮೇಲೊಂದು ಟವೆಲ್ಲು. ಆ ಟವೆಲ್ಲನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮೈ ಒರೆಸುವ ಬಟ್ಟೆಯನ್ನು ಮರ್ಯಾದೆ ಮುಚ್ಚಲು ಹೊದ್ದುಕೊಳ್ಳುವ ಜನ ನಾವು ಎಂದು ನನ್ನನ್ನೂ ಸೇರಿಸಿ ಬೈಯುತ್ತಿದ್ದಳು.

ಕೊರೊನಾ ಬಂದ ವರ್ಷ ಅವಳ ಮೈಸೂರಿನ ಆಫೀಸು ಒಂದು ಲ್ಯಾಪ್‌ಟಾಪ್ ಕೊಟ್ಟು ಅವಳನ್ನು ಮನೆಗೆ ಕಳಿಸಿತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ನಡುಮನೆಯ ಕಿಟಕಿಯ ಹತ್ತಿರ ಮಾತ್ರ. ಅಲ್ಲಿ ಒಂದು ಮೇಜು, ಕುರ್ಚಿ ಹಾಕಿಕೊಂಡಳು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಜಡೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೋಣೆಯಿಂದ ಹೊರಬಂದು ಆ ಕುರ್ಚಿಯಲ್ಲಿ ಕೂರುವಳು. ಇಷ್ಟು ಸಿಂಗಾರ ಮಾಡಿಕೊಂಡು ಎಲ್ಲಿಗೆ ಹೊರಟೆಯವ್ವ, ನಡುಮನೆಗಾ ಎಂದು ಅವ್ವ ದಿನಾ ಕೇಳುವಳು. ಹೂಂ, ನಡುಮನೆಗೇ, ಸಂಜೆ ವಾಪಸ್ ಬರ್ತೀನಿ ಎಂದು ಇವಳೂ ದಿನಾ ಹೇಳುವಳು.

ಬಟ್ಟೆಯ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ನೂಲಿನ ಬಟ್ಟೆಯೇ ಆಗಬೇಕು, ಸಿಂತೆಟಿಕ್ ಆದರೆ ಕೈ ಆಡಿಸಿದಾಗಲೆಲ್ಲ ಸರಸರ ಸದ್ದು ಮೈಕಿಗೆ ಕೇಳುತ್ತದೆ. ಚೌಕಳಿ ಬೇಡ, ಕ್ಯಾಮೆರಾದಲ್ಲಿ ಕಣ್ಣು ಕುಕ್ಕುತ್ತದೆ. ತೋಳು ಮೊಣಕೈ ದಾಟಿದೊಡನೆ ನಿಲ್ಲಬೇಕು, ನಡುವೆ ಎದ್ದು ಹೋಗಿ ದೋಸೆ ಹುಯ್ದರೂ ಹಿಟ್ಟು ತಾಕಬಾರದು. ಪ್ಯಾಂಟಿಗೆ ಲಾಡಿ ಬೇಡವೇ ಬೇಡ, ದಿನವಿಡೀ ಕೂತರೆ ಹೊಟ್ಟೆ ಮೇಲೆ ಬರೆ ಬೀಳುತ್ತದೆ, ಎಲಾಸ್ಟಿಕ್ಕೇ ಇರಲಿ. ಜೇಬು ಇರಲೇಬೇಕು. ಪಿರಿಯಾಪಟ್ಟಣದ ಟೈಲರನ ಹತ್ತಿರ ಇಷ್ಟನ್ನೂ ವಾದ ಮಾಡಿ ಹೊಲಿಸಿಕೊಂಡು ಬರುತ್ತಿದ್ದಳು. ಅವ್ವನಿಗೆ ಮಾತ್ರ ಆ ಸಡಿಲ ಕುರ್ತಾ ಪ್ಯಾಂಟು ಕಂಡರೆ ಆಸ್ಪತ್ರೆಯಲ್ಲಿ ಮಲಗಿದವರ ನೆನಪು. ವಯಸ್ಸಿಗೆ ಬಂದ ಹುಡುಗಿ ಲಕ್ಷಣವಾಗಿ ಇರಬಾರದೆ ಎಂದು ಗೊಣಗುತ್ತಿದ್ದಳು.

ಲಕ್ಷಣ ಎಂದರೆ ಸೀರೆ. ಅದೊಂದು ಅವಳಿಗೆ ಒಲಿಯಲೇ ಇಲ್ಲ. ನೆಂಟರ ಮದುವೆಗಳಿಗೆ ನಾನೇ ಉಡಿಸಬೇಕು. ಹೊಲದ ಬೆರ್ಚಪ್ಪನ ಹಾಗೆ ಎರಡೂ ಕೈ ಚಾಚಿ ನಿಂತುಬಿಡುವಳು, ನಾನು ನೆರಿಗೆ ಹಿಡಿದು ಸಿಕ್ಕಿಸಬೇಕು. ಧಾರೆ ಮುಗಿಯುವ ಹೊತ್ತಿಗೆ ಯಾವುದೋ ಕೋಣೆ ಸೇರಿ ಚೂಡಿದಾರಕ್ಕೆ ಬದಲಾಗಿ, ಸೀರೆಯನ್ನು ಮುದ್ದೆ ಮಾಡಿ ನನ್ನ ಬ್ಯಾಗಿಗೆ ತುರುಕಿರುತ್ತಿದ್ದಳು.

ಎರಡನೇ ಅಲೆಯಲ್ಲಿ ಅವಳು ಹೋದಳು. ಕೆಲಸ ಮಾಡುತ್ತ ಕೂತವಳಿಗೆ ಉಸಿರು ಸಾಲದಾಗಿ, ತೊಟ್ಟಿದ್ದ ಪಾಚಿ ಬಣ್ಣದ ಕುರ್ತಾದಲ್ಲೇ ಆಂಬುಲೆನ್ಸ್ ಹತ್ತಿದಳು. ಆಮೇಲೆ ನಾವು ಅವಳನ್ನು ನೋಡಲಿಲ್ಲ. ಅಪ್ಪನಿಗೆ ದೂರದಿಂದ ತೋರಿಸಿದ್ದು ಒಂದು ಕವರು. ನಮ್ಮಲ್ಲಿ ಸತ್ತವರಿಗೆ ನೀರು ಹುಯ್ದು ಹೊಸ ಬಟ್ಟೆ ತೊಡಿಸಿ ಕಳಿಸಬೇಕು, ಅದು ಹೆತ್ತವಳ ಕೈಯಿಂದ ಆಗಲಿಲ್ಲ. ಮಗಳು ಏನು ತೊಟ್ಟುಕೊಂಡು ಮಣ್ಣಿಗೆ ಹೋದಳೋ, ಅಥವಾ ಏನೂ ಇಲ್ಲದೆಯೇ ಹೋದಳೋ, ಅವ್ವನಿಗೆ ಇಂದಿಗೂ ಗೊತ್ತಿಲ್ಲ. ಇತ್ತ ಮನೆಯಲ್ಲಿ, ಸೋಂಕು ಉಳಿಯುತ್ತದೆ ಎಂದು ಯಾರೋ ಹೆದರಿಸಿದರು. ಅವಳ ಬಟ್ಟೆಗಳನ್ನೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ ರಾಶಿ ಹಾಕಿ ಸುಟ್ಟರು. ನೂಲಿನ ಬಟ್ಟೆ ಬೇಗ ಉರಿಯುತ್ತದೆ. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದೆ.

ಮರುವರ್ಷದಿಂದ ನಾನೂ ಮನೆಯಿಂದಲೇ ಕೆಲಸ ಮಾಡುವವಳಾದೆ, ವಿಮೆಯ ಕಾಗದಪತ್ರ ಪರಿಶೀಲಿಸುವ ಕೆಲಸ. ಸಿಗ್ನಲ್ ಸಿಗುವುದು ಅಲ್ಲೇ ಆದ್ದರಿಂದ ಅದೇ ಕಿಟಕಿ, ಅದೇ ಕುರ್ಚಿ. ಒಂದು ದಿನ ಮೀಟಿಂಗ್ ಇದೆಯೆಂದು ಒಳ್ಳೆಯ ಕುರ್ತಾ ಹಾಕಿಕೊಂಡು ಕೂತೆ. ಪರದೆಯ ಮೂಲೆಯಲ್ಲಿ ನಮ್ಮದೇ ಮುಖ ಕಾಣುವ ಪುಟ್ಟ ಚೌಕ ಇರುತ್ತದಲ್ಲ, ಅದರಲ್ಲಿ ಅವಳಿದ್ದಳು. ನಮ್ಮಿಬ್ಬರದೂ ಒಂದೇ ಅಚ್ಚು, ಬಸ್ಸಿನಲ್ಲಿ ಜನ ಅವಳೆಂದು ನನ್ನನ್ನು ಮಾತಾಡಿಸುತ್ತಿದ್ದರು. ಆದರೆ ಅವತ್ತು ಆ ಚೌಕದಲ್ಲಿ ನಾನು ಕೈ ಎತ್ತಿದರೆ ಅವಳು ಕೈ ಎತ್ತಿದಳು. ತಟ್ಟನೆ ಕ್ಯಾಮೆರಾ ಆರಿಸಿಬಿಟ್ಟೆ. ಅಂದಿನಿಂದ ನೈಟಿ, ಮೇಲೊಂದು ಟವೆಲ್ಲು, ಆದಷ್ಟೂ ಕ್ಯಾಮೆರಾ ಬಂದ್. ಅವಳಿಗೆ ಯಾವುದು ಕಂಡರೆ ಆಗುತ್ತಿರಲಿಲ್ಲವೋ ಅದನ್ನೇ ಹೊದ್ದುಕೊಂಡು ಅವಳಿಂದ ತಪ್ಪಿಸಿಕೊಂಡು ಕೂರುತ್ತಿದ್ದೆ.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರ ಹಬ್ಬ ಮಾಡುತ್ತೇವೆ. ಹೆಸರಿಗೆ ಹಿರಿಯರು, ಸತ್ತ ಕಿರಿಯರಿಗೂ ಅದೇ ಹಬ್ಬ. ನಡುಮನೆಯಲ್ಲಿ ಕಳಶವಿಟ್ಟು, ಸತ್ತವರಿಗೆ ಇಷ್ಟವಾದ ಅಡುಗೆಯನ್ನೂ ಹೊಸ ಬಟ್ಟೆಯನ್ನೂ ಎಡೆ ಇಟ್ಟು, ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳಬೇಕು. ಅವರು ಬಂದು ಉಂಡು, ಉಟ್ಟು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುತ್ತಾರೆ. ಆಮೇಲೆ ಆ ಬಟ್ಟೆಯನ್ನು ಮನೆಯವರೊಬ್ಬರು ಅವತ್ತೇ ಉಡಬೇಕು. ಅವ್ವ ಪ್ರತಿ ವರ್ಷ ತಂಗಿಗೆ ರೇಷ್ಮೆ ಸೀರೆಯನ್ನೇ ಇಡುತ್ತಿದ್ದಳು, ಮದುವೆ ಹೆಣ್ಣಿಗೆ ತರುವಂಥದ್ದು. ಕವರಿನಲ್ಲಿ ಹೋದವಳಿಗೆ ಅದಕ್ಕಿಂತ ಕಡಿಮೆ ಇಡಲು ಅವಳಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಅದನ್ನು ನಾನು ಉಡುತ್ತಿದ್ದೆ.

ಹೋದ ಮಳೆಗಾಲದಲ್ಲಿ ಅವ್ವನಿಗೆ ನಿದ್ದೆಯೇ ಬಾರದಾಯಿತು. ಹಗಲು ಕೂತಲ್ಲೇ ರೆಪ್ಪೆ ಮುಚ್ಚುವಳು, ತಕ್ಷಣ ಯಾರೋ ಕರೆದಂತೆ ಬೆಚ್ಚಿ ಕಣ್ಣು ಬಿಡುವಳು. ಹುಣಸೂರಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದೆರಡು ದಿನ ನುಂಗಿ, ಇದು ಮೈಯನ್ನು ಮಲಗಿಸುತ್ತದೆ, ಅವಳನ್ನಲ್ಲ ಎಂದು ಬಿಟ್ಟುಬಿಟ್ಟಳು. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಮೈ ಇಳಿದು ರವಿಕೆಗಳೆಲ್ಲ ಜೋತುಬಿದ್ದವು. ಬಳೆಗಳು ಮುಂಗೈಯಿಂದ ಜಾರಿ ಪಾತ್ರೆ ತೊಳೆಯುವ ನೀರಿಗೆ ಬೀಳುತ್ತಿದ್ದವು. ಹೀಗೇ ಬಿಟ್ಟರೆ ಅವ್ವನೂ ಹೋಗಿಬಿಡುತ್ತಾಳೆ ಎಂದು ನನಗೆ ದಿಗಿಲು ಹತ್ತಿತು.

ಒಂದು ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಾಗ ತಾನಾಗಿ ಹೇಳಿದಳು.

“ಕಣ್ಣು ಮುಚ್ಚುದ್ರೆ ಬತ್ತಾಳೆ ಕಣ್ಮಗ. ಬಾಗ್ಲತ್ರ ನಿಂತ್ಕತಾಳೆ. ಸೀರೆ ಕೈಲಿಡ್ಕಂಡವ್ಳೆ. ಒಳೀಕ್ ಬಾ ಅಂದ್ರೆ ಬರಾಕಿಲ್ಲ.”

ಮೈಮೇಲೆ ಏನು ಹಾಕಿಕೊಂಡಿರುತ್ತಾಳೆ ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ. ಅವ್ವ ಮತ್ತೊಂದು ಕಾಯಿ ಕೈಗೆತ್ತಿಕೊಂಡಳು.

“ನಾನು ನೋಡಾಕಿಲ್ಲ,” ಎಂದಳು.

ದೆವ್ವ, ಗಾಳಿ, ಶಕುನ ಎಂದರೆ ಸಿಡುಕುವವಳು ನಾನು. ರಾವಂದೂರಿನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ದೇವರು ಕೇಳಿಸೋಣ ಎಂದಾಗ ಜಗಳವಾಡಿ ಬಾಯಿ ಮುಚ್ಚಿಸಿದ್ದೆ. ಆದರೂ ತಂಗಿ ಯಾಕೆ ಒಳಗೆ ಬರುತ್ತಿಲ್ಲ ಎಂಬುದು ನನಗೆ ಆ ಕ್ಷಣವೇ ಹೊಳೆದಿತ್ತು. ಅವಳಿಗೆ ಉಡಲು ಬರುವುದಿಲ್ಲ. ಉಡಿಸಲು ಅಲ್ಲಿ ನಾನಿಲ್ಲ. ವರ್ಷ ವರ್ಷವೂ ಅಷ್ಟು ಬೆಲೆಬಾಳುವ ಸೀರೆಯನ್ನು ಕೈಗೆ ಕೊಟ್ಟು ಹೊಸ್ತಿಲ ಹೊರಗೇ ನಿಲ್ಲಿಸಿದ್ದೇವೆ. ಇದನ್ನು ಅವ್ವನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಈ ಸಲ ಬಟ್ಟೆ ನೀನೇ ತಂದುಬಿಡು ಎಂದಳು.

ಹುಣಸೂರಿನ ಅಂಗಡಿಯಲ್ಲಿ ಕೆಲಸದ ಹುಡುಗಿ ಯಾರಿಗೆ ಎಂದು ಕೇಳಿದಳು. ತಂಗಿಗೆ, ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡುತ್ತಾಳೆ ಎಂದೆ. ಮಾಡುತ್ತಾಳೆ ಎಂಬ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನಾನೇ ಒಂದು ಗಳಿಗೆ ಅದನ್ನು ನಂಬಿದೆ. ಸೈಜ್ ಕೇಳಿದಳು. ತಡವರಿಸಿದೆ. ಅಳತೆಗೆಂದು ಅವಳ ಒಂದು ತುಂಡು ಬಟ್ಟೆಯೂ ಮನೆಯಲ್ಲಿ ಉಳಿದಿರಲಿಲ್ಲ.

“ಅವ್ರನ್ನೇ ಕರ್ಕಂಡು ಬಂದ್ಬುಡಿ ಮೇಡಂ. ಆಮೇಲೆ ಬದ್ಲಾಯ್ಸಕ್ಕೆ ಮತ್ತೆ ಬರ್ಬೇಕಾಯ್ತದೆ,” ಎಂದಳು ಹುಡುಗಿ.

ಬದಲಾಯಿಸಲು ಬರುವುದಿಲ್ಲ ಎಂದೆ. ಅವಳು ಒಂದು ಕುರ್ತಾ ಬಿಡಿಸಿ ನನ್ನ ಹೆಗಲಿಗೆ ಹಿಡಿಯಲು ಬಂದಾಗ ಹಿಂದಕ್ಕೆ ಸರಿದುಬಿಟ್ಟೆ. ಅಲ್ಲಿ ಒಂದಕ್ಕೆ ಜೇಬಿಲ್ಲ, ಒಂದಕ್ಕೆ ಲಾಡಿ, ಒಂದನ್ನು ಕಿವಿಯ ಹತ್ತಿರ ಉಜ್ಜಿದರೆ ಸರಸರ. ಬಟ್ಟೆಯ ಸದ್ದು ಕೇಳುವ ನನ್ನನ್ನು ಜನ ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ. ಅವಳ ಒಂದು ನಿಯಮವನ್ನೂ ನಾನು ಬಿಡುವವಳಲ್ಲ. ಕೊನೆಗೆ ಕೆ.ಆರ್. ನಗರದವರೆಗೂ ಹೋಗಿ, ನನಗಿಂತ ಒಂದು ಸೈಜ್ ಸಣ್ಣದು ಎಂದು ಅಂದಾಜಿನಲ್ಲಿ ತಂದೆ. ಮಾಸಲು ನೀಲಿ ಬಣ್ಣ, ತೊಳೆದು ತೊಳೆದು ಮೆದುವಾದಂಥ ನೂಲು. ಅಂಗಡಿಯ ಬೆಳಕಿನಲ್ಲಿ ಅದನ್ನು ಹಿಡಿದು ನಿಂತಾಗ ಅವಳಿಗೆ ಇದು ಖಂಡಿತ ಇಷ್ಟವಾಗುತ್ತದೆ ಎನಿಸಿ ಖುಷಿಯಾಯಿತು. ಆ ಖುಷಿಯೇ ನನ್ನನ್ನು ಹೆದರಿಸಿತು.

ಅಮಾವಾಸ್ಯೆಯ ಮಧ್ಯಾಹ್ನ ಮೇಜು ಪಕ್ಕಕ್ಕೆ ಸರಿಸಿ ಕಳಶ ಇಟ್ಟೆವು. ಕೋಳಿಸಾರು, ಮುದ್ದೆ, ಕಜ್ಜಾಯ. ಇಸ್ತ್ರಿ ಮಾಡಿದ ಕುರ್ತಾ ಪ್ಯಾಂಟನ್ನು ಅವ್ವ ತಟ್ಟೆಯಲ್ಲಿಟ್ಟಾಗ ದೊಡ್ಡವ್ವ ಸುಮ್ಮನಿರಲಿಲ್ಲ. ಎಡೆಗೆ ಪ್ಯಾಂಟು ಇಡುವುದನ್ನು ತಾನು ಎಲ್ಲೂ ಕಾಣೆ, ಹಿರಿಯರು ಮುನಿದಾರು, ಅದರ ಮೇಲೊಂದು ಸೀರೆಯನ್ನಾದರೂ ಇಡು ಎಂದಳು. ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು. ಇದು ಅವಳಿಗೆ ಇಡುವುದು, ನಮಗಲ್ಲ.

ಹೊರಗೆ ಬಂದು ಬಾಗಿಲು ಮುಚ್ಚಿಕೊಂಡೆವು. ಅಪ್ಪ ಬೆಂಕಿ ನೋಡಿಕೊಳ್ಳುತ್ತಿದ್ದ ಬ್ಯಾರನ್ನಿನಿಂದ ಸೊಪ್ಪು ಬೇಯುವ ಘಾಟು ಜಗಲಿಯವರೆಗೂ ಬರುತ್ತಿತ್ತು. ಒಳಗೆ ಸದ್ದಿಲ್ಲ. ಪ್ರತಿ ವರ್ಷ ಈ ಹೊತ್ತಿನಲ್ಲಿ ನಾನು ಫೋನು ನೋಡುತ್ತ ನಿಲ್ಲುತ್ತಿದ್ದೆ, ಈ ಸಲ ಕಿವಿ ಬಾಗಿಲಿಗೇ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡವ್ವ ಕೆಮ್ಮಿ ಬಾಗಿಲಿಗೆ ಕೈ ಹಾಕಲು ಹೋದಳು. ಅವ್ವ ಅವಳ ಮುಂಗೈ ಹಿಡಿದಳು.

“ತಡಿ ಅಕ್ಕ. ಬಟ್ಟೆ ಹಾಕ್ಕತಾವ್ಳೆ.”

ದೊಡ್ಡವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಮೂವರೂ ಹಾಗೆಯೇ ನಿಂತೆವು. ಅವ್ವ ಹೂಂ ಎಂದ ಮೇಲೆಯೇ ಬಾಗಿಲು ತೆಗೆದದ್ದು. ದೀಪ ಉರಿಯುತ್ತಿತ್ತು, ಕುರ್ತಾ ಇಟ್ಟಂತೆಯೇ ಇತ್ತು. ಯಾವ ಮಡಿಕೆಯೂ ಕದಲಿರಲಿಲ್ಲ. ಕದಲಿದೆಯೇ ಎಂದು ಬಗ್ಗಿ ನೋಡಿದವಳು ನಾನು, ಸಿಡುಕುವ ನಾನು.

ನಮ್ಮ ಮೂವರ ಊಟವಾದ ಮೇಲೆ ದೊಡ್ಡವ್ವ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಯಾವಾಗಲೂ ಉಡುತ್ತಿದ್ದವಳು ನಾನೇ ತಾನೆ. ನನ್ನ ಕೈ ಮುಂದೆ ಬರಲಿಲ್ಲ. ಸಂಜೆ ಮೀಟಿಂಗ್ ಇತ್ತು, ಹೊಸ ಮ್ಯಾನೇಜರು ಕ್ಯಾಮೆರಾ ಹಾಕಲೇಬೇಕು ಎಂದಿದ್ದರು. ಇದನ್ನು ತೊಟ್ಟು ಆ ಕುರ್ಚಿಯಲ್ಲಿ ಕೂತು ಆ ಪುಟ್ಟ ಚೌಕವನ್ನು ನೋಡುವ ಧೈರ್ಯ ನನಗಿಲ್ಲ ಎಂದು ಹೇಳಿಯೇಬಿಟ್ಟೆ. ಹಾಗಾದರೆ ಯಾರು ತೊಡುವುದು, ತೊಡದೆ ಬಿಟ್ಟರೆ ಅವಳು ಒಪ್ಪಲಿಲ್ಲ ಎಂದಾಗುತ್ತದೆ ಎಂದು ದೊಡ್ಡವ್ವ ಗದರಿದಳು. ನನಗೆ ಅಳು ಬಂತು. ಅವ್ವ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವ್ವ ಮದುವೆಯಾದಂದಿನಿಂದ ಸೀರೆ ಬಿಟ್ಟು ಬೇರೇನೂ ತೊಟ್ಟವಳಲ್ಲ. ಊರಿಗೆ ಊರೇ ನೈಟಿಗೆ ಬಿದ್ದಾಗಲೂ ಜಪ್ಪಯ್ಯ ಎನ್ನಲಿಲ್ಲ. ಅವಳು ಆ ನೀಲಿ ಕುರ್ತಾ ಪ್ಯಾಂಟಿನಲ್ಲಿ ಹೊರಗೆ ಬಂದಳು. ಮೈ ಅಷ್ಟು ಇಳಿದಿತ್ತಲ್ಲ, ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ದೊಡ್ಡವ್ವ ಮುಖ ತಿರುಗಿಸಿದಳು. ಅಷ್ಟರಲ್ಲಿ ಬ್ಯಾರನ್ನಿನಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತರು, ಅವ್ವನ ಬೆನ್ನು ಅವರ ಕಡೆಗಿತ್ತು. ಅವ್ವ ತಿರುಗುವವರೆಗೂ ಅವರು ಉಸಿರಾಡಿದಂತೆ ಕಾಣಲಿಲ್ಲ. ಆಮೇಲೆ ಕಾಲು ತೊಳೆಯಲು ಹೊರಟುಹೋದರು.

ಅವ್ವ ಕುರ್ಚಿಯಲ್ಲಿ ಕೂತು ಮೊಣಕಾಲ ಮೇಲೆ ಕೈ ಆಡಿಸಿದಳು, ತೋಳು ಎತ್ತಿ ನೋಡಿದಳು.

“ಅಗೂರಾಗಿ ಅದೆ ಕಣ್ಮಗ,” ಎಂದಳು. “ಸುಮ್ಸುಮ್ನೆ ಬಯ್ತಿದ್ದೆ ಅವ್ಳ್ನ.”

ನನ್ನ ಮೀಟಿಂಗಿನ ಹೊತ್ತಿಗೆ ಅವಳು ನಡುಮನೆಯಲ್ಲೇ ಚಾಪೆ ಹಾಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆಚ್ಚಿ ಏಳುತ್ತಾಳೇನೋ ಎಂದು ಕಾದೆ, ಏಳಲಿಲ್ಲ. ಬೇರೆ ಕಡೆ ಸಿಗ್ನಲ್ ಇಲ್ಲ, ಅವಳನ್ನು ಎಬ್ಬಿಸುವ ಮನಸ್ಸಿಲ್ಲ. ಮೇಜನ್ನು ಸದ್ದಾಗದಂತೆ ಎಳೆದುಕೊಂಡು, ಕ್ಯಾಮೆರಾ ಹಾಕಿ, ದನಿ ತಗ್ಗಿಸಿ ಮಾತಾಡುತ್ತ ಹೋದೆ. ಮಾತಿನ ನಡುವೆ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ಹಿಂದೆ ಮಲಗಿರುವುದು ನಿಮ್ಮ ತಂಗಿಯಾ ಎಂದು ಕೇಳಿದಳು.

ನಾನು ಹಿಂದೆ ತಿರುಗಲಿಲ್ಲ. ಆ ಪುಟ್ಟ ಚೌಕದಲ್ಲೇ ನೋಡಿದೆ. ನನ್ನ ಹೆಗಲಾಚೆ ನೀಲಿ ಬೆನ್ನು, ಬಿಚ್ಚಿಕೊಂಡ ಜಡೆ, ಏರಿ ಇಳಿಯುವ ಉಸಿರು.

ಹೌದು ಎಂದೆ. ಮೆಲ್ಲಗೆ ಮಾತಾಡೋಣ, ಎಷ್ಟೋ ದಿನಗಳ ಮೇಲೆ ನಿದ್ದೆ ಹತ್ತಿದೆ ಎಂದೆ.