ಪೆಟ್ಟಿಗೆಯ ಕೆಳಗೆ ಬಿದ್ದ ಬಿಳಿ ಮರಿಗಳು

ಇನ್ನಂಜೆಯ ನಮ್ಮ ಹಿತ್ತಿಲಲ್ಲಿ ಇರುವುದು ಒಂದೇ ಜೇನು ಪೆಟ್ಟಿಗೆ. ಶಾಲೆಯಿಂದ ನಿವೃತ್ತನಾದ ಮೇಲೆ ನನಗೆ ಗದರಿಸಲು ಉಳಿದಿದ್ದವು ಅದರೊಳಗಿನ ತುಡುವೆ ಜೇನುಗಳು ಮಾತ್ರ. ಕಳೆದ ವರ್ಷ ಒಂದು ಬೆಳಿಗ್ಗೆ ಪೆಟ್ಟಿಗೆಯ ಕೆಳಗೆ ಅಕ್ಕಿಕಾಳಿನಂಥ ಬಿಳಿ ಮರಿಗಳು ಸತ್ತು ಬಿದ್ದಿದ್ದವು. ಮರುದಿನವೂ ಬಿದ್ದವು. ನನ್ನ ಕಣ್ಣು ನೇರವಾಗಿ ಬೇಲಿಯಾಚೆಯ ಮಲ್ಲಿಗೆ ಗಿಡಗಳ ಮೇಲೆ ಹೋಯಿತು.

ಅವು ನೆರೆಮನೆಯ ಬಾಯಮ್ಮನವು. ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆಯುವುದೇ ಆ ಗಿಡಗಳ ಮೊಗ್ಗು ಕಟ್ಟಿ ಮಾರಿ. ಮೊಗ್ಗು ಕೊರೆಯುವ ಹುಳಕ್ಕೆ ಅವರು ಮದ್ದು ಹೊಡೆಯುತ್ತಿದ್ದರು. ನನಗೆ ಅಷ್ಟು ಸಾಕಾಯಿತು. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವ ಮನುಷ್ಯ ನಾನು. ಸತ್ತ ಮರಿಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಅವರ ಜಗಲಿಯಲ್ಲಿ ಬಿಚ್ಚಿಟ್ಟೆ.

“ಇವಕ್ಕೆ ಇನ್ನೂ ರೆಕ್ಕೆಯೇ ಬಂದಿಲ್ಲ ಮಾಷ್ಟ್ರೆ,” ಎಂದರು ಬಾಯಮ್ಮ. “ಪೆಟ್ಟಿಗೆಯಿಂದ ಹೊರಗೇ ಬಾರದ ಮರಿಗೆ ನನ್ನ ಮದ್ದು ಹೇಗೆ ತಾಗುವುದು?”

ಮೊದಲೇ ಯೋಚಿಸಿಟ್ಟ ಉತ್ತರ ಎಂದುಕೊಂಡೆ. ಮುಖ ಗಂಟಿಕ್ಕಿಕೊಂಡು ನಿಂತೇ ಇದ್ದೆ. ಕೊನೆಗೆ ಅವರೇ, “ನಿಮಗೆ ಅಷ್ಟು ಸಂಶಯ ಉಂಟಾದರೆ ಮದ್ದು ನಿಲ್ಲಿಸ್ತೇನೆ,” ಎಂದರು.

ನಿಲ್ಲಿಸಿದರು. ಮೊಗ್ಗಿಗೆ ಹುಳ ಬಿತ್ತು. ಬೆಳಿಗ್ಗೆ ಕೊಯ್ದದ್ದರಲ್ಲಿ ತೂತಾದ ಮೊಗ್ಗುಗಳನ್ನು ಅವರು ಆರಿಸಿ ಎಸೆಯುವುದು ಬೇಲಿಯಿಂದಲೇ ಕಾಣುತ್ತಿತ್ತು. ಕಟ್ಟಲು ಉಳಿಯುತ್ತಿದ್ದದ್ದು ಅರ್ಧ ಬುಟ್ಟಿ. ಇತ್ತ ನನ್ನ ಮರಿಗಳು ಬೀಳುವುದು ಮಾತ್ರ ನಿಲ್ಲಲಿಲ್ಲ. ಕದ್ದು ಹೊಡೆಯುತ್ತಿದ್ದಾರೆಂದು ಎರಡು ದಿನ ಬೇಲಿಗೆ ಮೂಗು ಚಾಚಿ ವಾಸನೆ ನೋಡಿದೆ. ಗೊಬ್ಬರದ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ.

ಕೊನೆಗೆ ಬೆಳ್ಮಣ್‌ನಲ್ಲಿ ಜೇನು ಸಾಕುವ ಪರಿಚಯದವರೊಬ್ಬರನ್ನು ಕರೆಸಿದೆ. ಅವರು ಒಂದು ಮರಿಯನ್ನು ಅಂಗೈಯಲ್ಲಿಟ್ಟು ನನ್ನ ಭೂತಗನ್ನಡಿ ಹಿಡಿದರು. ಮರಿಯ ಹೊಟ್ಟೆಗೆ ಕೆಂಪು ನುಸಿಯೊಂದು ಅಂಟಿಕೊಂಡಿತ್ತು.

“ಮರಿಯನ್ನು ಹೀರುವ ನುಸಿ ಇದು. ಮುಚ್ಚಿದ ಕೋಣೆಯೊಳಗೆ ಇದು ಇರುವುದು ಜೇನಿಗೆ ವಾಸನೆಯಲ್ಲೇ ಗೊತ್ತಾಗ್ತದೆ. ಮೇಣದ ಮುಚ್ಚಳ ಹರಿದು ಮರಿಯನ್ನೇ ಎಳೆದು ಹೊರಗೆ ಹಾಕ್ತವೆ. ನುಸಿಯ ಸಂತಾನ ಅಲ್ಲಿಗೆ ನಿಂತಿತು. ನಮ್ಮ ತುಡುವೆಗೆ ಇದು ಹೊಸತಲ್ಲ. ನೀವು ಎಂತದೂ ಮಾಡುವುದು ಬೇಡ ಮಾಷ್ಟ್ರೆ, ಸುಮ್ಮನೆ ಇದ್ದರೆ ಸಾಕು.”

ಸುಮ್ಮನೆ ಇರುವುದೊಂದೇ ನನಗೆ ಬಾರದ ಕೆಲಸ. ತುಂಬ ನಾಚಿಕೆಯಾಯಿತು. ಬಾಯಮ್ಮನಿಗೆ ಹೇಳಲು ಕಾಲೇ ಏಳದೆ ಹದಿನೈದು ದಿನ ತಳ್ಳಿದೆ. ಅಷ್ಟರಲ್ಲಿ ಮರಿಗಳು ಬೀಳುವುದೂ ನಿಂತಿತು. ಕೊನೆಗೊಮ್ಮೆ ಹೋದಾಗ ಅವರೇ ಮೊದಲು ಮಾತೆತ್ತಿದರು.

“ಈಗ ಬೀಳುವುದಿಲ್ಲ ಅಲ್ವಾ? ಬೇಲಿಯಿಂದ ನೋಡಿದೆ. ಮದ್ದು ನಿಲ್ಲಿಸಿದ ಮೇಲೆಯೇ ನಿಂತದ್ದು. ನೀವು ಹೇಳಿದ್ದೇ ಸರಿ ಮಾಷ್ಟ್ರೆ, ನನ್ನ ಮದ್ದೇ ಅದು. ಮೊನ್ನೆ ಇಗರ್ಜಿಯಲ್ಲಿ ಪಾದ್ರಿಗಳ ಹತ್ತಿರ ತಪ್ಪೊಪ್ಪಿಕೊಂಡು ಬಂದೆ.”

ನುಸಿಯ ವಿಷಯ ಪೂರ್ತಿ ಹೇಳಿದೆ. ತಪ್ಪು ನನ್ನದು, ಗೊತ್ತಾದ ಮೇಲೂ ಹೇಳದೆ ಕೂತೆ ಎಂದೂ ಹೇಳಿದೆ.

“ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ,” ಎಂದರು ಬಾಯಮ್ಮ. ಗಿಡಗಳಿಗೆ ಅವರು ಇವತ್ತಿಗೂ ಮದ್ದು ಹೊಡೆಯುವುದಿಲ್ಲ.